ಸಿನೀವಜ್ಜಿಯ ನಾರುಮಡಿ

"ಗಿಡ್ಡ ಆಗಿದೆ," ಎಂದಳು ಸಿನೀವಜ್ಜಿ.

ಶಾಲೆಯ ಸಭಾಂಗಣದ ನೆಲದ ಮೇಲೆ, ಮರದ ತೊಗಟೆ ಬಡಿದು ಮಾಡಿದ ಅವಳ ಉದ್ದನೆಯ ನಾರುಮಡಿ ಹಾಸಿತ್ತು. ನಮ್ಮ ವವಾಉ ದ್ವೀಪದ ಹಳೆಯ ಕಸುಬುಗಳ ಬಗ್ಗೆ ಮಕ್ಕಳು ಮನೆಮನೆ ಅಲೆದು ಕಲಿತದ್ದನ್ನೆಲ್ಲ ಅಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದೆವು. ಅವರ ಮೇಷ್ಟ್ರು ನಾನೇ. ವಾರಗಟ್ಟಲೆ ನಿದ್ದೆಗೆಟ್ಟವನೂ ನಾನೇ. ಅವರವರ ಸಾಮಾನು ಅವರವರಿಗೆ ಮುಟ್ಟಿಸಿ ಮಲಗಿಬಿಡೋಣ ಎಂದುಕೊಂಡ ದಿನವೇ ಈ ರಗಳೆ.

"ಎರಡೂ ತುದಿ ನೋಡಜ್ಜಿ. ಹಳೇ ಅಂಚು ಹಾಗೇ ಇದೆ. ಎಲ್ಲಿ ಕತ್ತರಿಸಿದಾರೆ?" ಎಂದೆ.

"ನನ್ನ ಹೆಣಕ್ಕೆ ಸುತ್ತೋಕೆ ಅಂತ ಎತ್ತಿಟ್ಟ ಬಟ್ಟೆ ಕಣೋ! ನಂಗೆ ಗೊತ್ತಾಗಲ್ವಾ? ನನ್ನ ಉನಲೋತೊ ಬಣ್ಣ ಬಳಿದ ಭಾಗ ಎಲ್ಲಿ?"

ಉನಲೋತೊ ಅವಳ ಮಗಳು. ಹೆರಿಗೆಯಲ್ಲಿ ತೀರಿಕೊಂಡವಳು. ಬಟ್ಟೆಯುದ್ದಕ್ಕೂ ಒಂದೇ ಚಿತ್ತಾರ. ಯಾವುದು ಯಾರ ಕೈಯದೆಂದು ನನಗೆ ಹೇಗೆ ತಿಳಿಯಬೇಕು?

"ವಯಸ್ಸಾಯ್ತಲ್ಲ, ಮರೆವು," ಎಂದರು ಹೆಡ್‌ಮಾಸ್ಟರ್ ಲಿಸಿಯಾತೆ.

ಅಜ್ಜಿ ಜಗ್ಗಲಿಲ್ಲ. ಪೊಲೀಸಿನ ಅಕೋಸಿತಾ ಬಂದಳು. ಬೆಳಗಿನಿಂದ ಹಂದಿ ನುಗ್ಗಿದ ತೋಟಗಳ ಜಗಳ ಬಿಡಿಸಿ ಅವಳಿಗೂ ಸಾಕಾಗಿತ್ತು.

"ಬೀಗದ ಕೈ ಯಾರ ಹತ್ರ?"

"ನನ್ನ ಹತ್ರ ಒಂದು, ಹೆಡ್‌ಮಾಸ್ಟರ್ ಹತ್ರ ಒಂದು."

"ಈ ಬಟ್ಟೆ ಮೇಲೆ ಯಾರ ಕಣ್ಣಿತ್ತು?"

"ಪಾವೊಂಗೊದು. ಪ್ರವಾಸಿಗಳಿಗೆ ಇಂಥವನ್ನ ಮಾರ್ತಾನಲ್ಲ, ಅವನು."

ಪಾವೊಂಗೊನನ್ನು ಕರೆಸಿದ್ದಾಯಿತು. ಅವನು ನಕ್ಕುಬಿಟ್ಟ. "ನಾನು ಕದ್ರೆ ಇಡೀದನ್ನೇ ಹೊತ್ಕೊಂಡು ಹೋಗ್ತಿದ್ದೆ ತಾಯಿ. ಅರ್ಧಂಬರ್ಧ ಯಾಕೆ?"

"ಅದೂ ಸರಿನೇ."

ಅಕೋಸಿತಾ ನರಳುತ್ತಾ ಮೊಣಕಾಲೂರಿ ಅಂಚಿನುದ್ದಕ್ಕೂ ತೆವಳಿದಳು. ಒಂದು ಕಡೆ ಬಗ್ಗಿದಳು. ಮೂಸಿದಳು. ಆಮೇಲೆ ಎದ್ದು, ಗೋಡೆಗೆ ಮಕ್ಕಳು ಅಂಟಿಸಿದ್ದ ಫೋಟೊಗಳನ್ನು ಒಂದೊಂದಾಗಿ ನೋಡಿದಳು.

"ನಾವೆಲ್ಲ ತುದಿ ನೋಡಿದ್ವಿ. ಉದ್ದದ ಲೆಕ್ಕಕ್ಕೆ ಒಂದೊಂದು ಪಟ್ಟಿಗೂ ಹೆಂಗಸರು ಅಂಚಲ್ಲಿ ಅಂಕಿ ಬರೀತಾರಲ್ಲ, ಅದನ್ನ ನೋಡ್ಲಿಲ್ಲ. ಓದಿ ಮೇಷ್ಟ್ರೇ."

ಓದಿದೆ. ಆರು, ಏಳು — ಹತ್ತು!

ಆ ಅಂಕಿಗಳ ಬಗ್ಗೆ ಮಕ್ಕಳು ಒಂದು ಪುಟವನ್ನೇ ಬರೆದಿದ್ದರು. ತಿದ್ದಿದವನು ನಾನು. ನಾಚಿಕೆಯಾಯಿತು.

"ನಡುವೆ ಕತ್ತರಿಸಿ ಮರಗೆಣಸಿನ ಅಂಟು ಹಾಕಿ ಕೂಡಿಸಿದಾರೆ. ಮಾರೋ ಕಳ್ಳನಿಗೆ ಉಳಿದದ್ದು ನೆಟ್ಟಗೆ ಕಾಣ್ಬೇಕು ಅಂತ ಏನು ಹಠ? ಬಟ್ಟೆನೂ ಬೇಕು, ಪ್ರದರ್ಶನಾನೂ ನಡೀಬೇಕು ಅನ್ನೋರ ಕೆಲಸ ಇದು. ಈ ಫೋಟೊ ನೋಡಿ."

ಉದ್ಘಾಟನೆಯ ದಿನದ ಫೋಟೊ. ರಾಜಧಾನಿ ನುಕುಅಲೋಫಾದಿಂದ ಬಂದಿದ್ದ ಶಿಕ್ಷಣಾಧಿಕಾರಿಯಮ್ಮನ ತೋಳಿನ ಮೇಲೆ ಉಡುಗೊರೆಯ ನಾರುಮಡಿ. ಅಂಚಿನಲ್ಲಿ ಎಂಟು, ಒಂಬತ್ತು. ಕೊಡುತ್ತಿರುವವರು ಲಿಸಿಯಾತೆ.

"ನಿಮ್ಮನೇದು ಅಂದ್ಕೊಂಡಿದ್ವಲ್ಲ ಹೆಡ್‌ಮಾಸ್ಟ್ರೇ?" ಎಂದೆ.

ಅವರು ಬೆಂಚಿನ ಮೇಲೆ ಕುಸಿದರು. "ಮನೇಲಿದ್ದ ನಾರುಮಡಿಯೆಲ್ಲ ಅಪ್ಪನ ಹೆಣದ ಜೊತೆ ಮಣ್ಣಿಗೆ ಹೋಯ್ತು. ನಮ್ಮ ಪರಂಪರೆ ನೋಡೋಕೆ ಬಂದವರನ್ನ ಬರಿಗೈಲಿ ಕಳಿಸೋದಾ? ಊರಿನ ಮಾನ ಏನಾಗ್ಬೇಕು?"

"ಮಾನ ನಿಮ್ಮದು, ಬಟ್ಟೆ ಅಜ್ಜೀದು," ಎಂದು ಅಕೋಸಿತಾ ರಾಜಧಾನಿಗೆ ಫೋನ್ ಹಚ್ಚಿದಳು. ಮಾತು ಉದ್ದವಾಯಿತು. ಕೊನೆಗೆ ಫೋನ್ ಇಟ್ಟು ಅಜ್ಜಿಯ ಪಕ್ಕದಲ್ಲಿ ಕುಳಿತಳು.

"ಅಜ್ಜೀ, ಆಯಮ್ಮ ಅದನ್ನ ಅಲ್ಲೇ ಒಂದು ಸಾವಿನ ಮನೆಗೆ ಕೊಟ್ಟುಬಿಟ್ರಂತೆ. ಹೆಣದ ಜೊತೆ ಮಣ್ಣಾಯ್ತಂತೆ."

ಹೆಡ್‌ಮಾಸ್ಟರನ್ನು ಬೈಯಬೇಕೆನಿಸಿತು. ಬೈಯುವಷ್ಟು ತ್ರಾಣವೂ ನನ್ನಲ್ಲಿ ಉಳಿದಿರಲಿಲ್ಲ. ಅಜ್ಜಿ ಏಳಕ್ಕೂ ಹತ್ತಕ್ಕೂ ನಡುವಿನ ಅಂಟಿನ ಗೆರೆಯನ್ನು ಬೆರಳಿನಿಂದ ಸವರುತ್ತಿದ್ದಳು. ಆಮೇಲೆ ಬಾಗಿಲ ಬಳಿ ಗುಂಪಾಗಿದ್ದ ಮಕ್ಕಳನ್ನು ಕರೆದಳು.

"ಮನೆಮನೆಗೆ ಹೋಗಿ ಕೇಳ್ತೀರಲ್ಲ? ದೋಣಿ ಹತ್ತಬೇಕಾದ್ರೂ ಸರಿ, ಆ ಮನೆಗೂ ಹೋಗಿ. ಸತ್ತೋರು ಯಾರು, ಎಂಥೋರು, ಕೇಳ್ಕೊಂಡು ಬನ್ನಿ. ನನ್ನ ಮಗಳು ಯಾರ ಜೊತೆ ಮಣ್ಣಲ್ಲಿ ಮಲಗಿದಾಳೆ ಅಂತ ನಂಗೆ ಗೊತ್ತಾಗ್ಬೇಕು."