ಹೆಂಡತಿಯ ಮಾತಿಗೆ ಬಿಟ್ಟ ಜಾಗ

ಚಾಡಿಮಾತು ನಂಬಿ ಗಂಡ ಹೆಂಡತಿಯನ್ನು ಕೊಲ್ಲುವ ಹಳೆಯ ನಾಟಕವೊಂದು ನಮಗೆ ಪರೀಕ್ಷೆಗಿತ್ತು. ಕಾಲೇಜಿಗೆ ಹತ್ತಿರವೆಂದು ಭಾವನ ಮನೆಯಲ್ಲೇ ಇದ್ದೆ. ಅಕ್ಕ ಯಾರ ಜೊತೆಗೋ ಓಡಿಹೋದಳು ಅಂತ ಭಾವ ಹೇಳಿದ್ದರು. ನಾವೂ ನಂಬಿದ್ದೆವು.

ನನಗೆ ಬಾಯಿಪಾಠ ಅಂದರೆ ತಲೆನೋವು. ಅದಕ್ಕೇ ಮಧ್ಯಾಹ್ನ ಅಕ್ಕನ ಕೋಣೆಯಲ್ಲಿ ಕೂತು ಗಂಡನ ಮಾತು ಜೋರಾಗಿ ಓದಿ, ಹೆಂಡತಿಯ ಮಾತಿಗೆ ಜಾಗ ಬಿಟ್ಟು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆ. ಆ ಜಾಗ ಆಮೇಲೆ ನಾನೇ ತುಂಬಬೇಕು.

ಹಾಕಿ ಕೇಳಿದೆ. ಬಿಟ್ಟ ಜಾಗಗಳಲ್ಲೆಲ್ಲ ಕೋಣೆಯ ಫ್ಯಾನಿನ ಸದ್ದಿತ್ತು; ಕೊನೆಯ ದೃಶ್ಯದ ಜಾಗದಲ್ಲಿ ಮಾತ್ರ ಅದೂ ಇರಲಿಲ್ಲ. ದಿಂಬಿನಡಿಯಿಂದ ಬಂದ ಹಾಗೆ ಯಾರದೋ ಏದುಸಿರು ಕೇಳುತ್ತಿತ್ತು.

ಟೀ ತಂದ ಭಾವ ಬಾಗಿಲಲ್ಲೇ ನಿಂತರು.

"ಭಾವ, ಇದೇನು ಸದ್ದು?"

"ಸ್ವಲ್ಪ ತಡಿ," ಅಂದರು. "ಈಗ ನಿಲ್ಲುತ್ತೆ."

ನಿಂತಿತು.