ಗುಬ್ಬಿಕಾಲಿನ ಅಕ್ಷರ

ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಧಾರವಾಡದ ಬಸ್ಸು ಹತ್ತಿದ ಮೇಲೆ ಬಂದ ಮೊದಲ ಬೆಳಗು. ಪರರಾಜ್ಯದ ಫಾತೋರ್ಡಾದ ನಮ್ಮ ಓಣಿಯಲ್ಲಿ ಪಾವ್ ಮಾರುವವನು ಎಂದಿನಂತೆ ಹಾರ್ನ್ ಒತ್ತಿದ. ಪಾವ್ ತೆಗೆದುಕೊಂಡೆ. ಹಾಲು ಕಾಯಿಸಿದೆ.

ಬೀದಿಗೆ ಮುಖ ಮಾಡಿದ ಗ್ಯಾಲರಿಯಿಂದ ಅತ್ತೆ ಕೂಗಿದರು. "ನೀಲಾ, ಏನಿದು?"

ಎದುರಿನ ಕನ್ನಡ ಸಂಘದ ಗೋಡೆಗೆ ರಾತ್ರಿ ಯಾರೋ ಫ್ಲೆಕ್ಸ್ ಕಟ್ಟಿಹೋಗಿದ್ದರು. ನನ್ನ ಗಂಡನ ಫೋಟೋ. ಕೆಳಗೆ 'ಶ್ರದ್ಧಾಂಜಲಿ', ಅದರ ಕೆಳಗೆ ಹೆಸರು. ದುಂಡಗಿನ, ತುಸು ವಾಲಿದ, ಆಟವಾಡುತ್ತಿರುವಂಥ ಅಕ್ಷರ. ಬಾಲವಾಡಿಯ ಬೋರ್ಡಿಗೆ, ಐಸ್‌ಕ್ರೀಮ್ ಗಾಡಿಗೆ, 'ಚಪ್ಪಲಿ ಇಲ್ಲಿ ಬಿಡಿ' ಎಂಬ ಚೀಟಿಗೆ ಹಾಕುವಂಥದ್ದು.

"ನನ್ನ ಮಗ ಸತ್ತಾನ. ಹುಟ್ಟುಹಬ್ಬ ಅಲ್ಲ. ರಘುವೀರಗ ಹೇಳಿ ಇವತ್ತೇ ತಗಸು."

ಅದು ನನ್ನ ಕೈಬರಹವೆಂದು ಅತ್ತೆಗೆ ಗೊತ್ತಿರಲಿಲ್ಲ.

ನನ್ನ ಗಂಡ ರಘುವೀರನ ಅಂಗಡಿಯಲ್ಲಿ ಫ್ಲೆಕ್ಸ್ ಡಿಸೈನ್ ಮಾಡುತ್ತಿದ್ದರು. ಕಂಪ್ಯೂಟರಿನಲ್ಲಿ ಇಂಗ್ಲಿಷಿಗೆ ಇಂಥ ಕೈಬರಹದ ಫಾಂಟ್ ಇತ್ತು. ಕನ್ನಡಕ್ಕೂ ಬೇಕೆಂದು ಹಟ ಹಿಡಿದಿದ್ದರು. ಅಂಗಡಿಯ ಸ್ಕ್ಯಾನರ್ ಮನೆಗೆ ತಂದು, ನನ್ನ ಕೈಗೆ ಸ್ಕೆಚ್ ಪೆನ್ ಕೊಟ್ಟರು.

"ನಂದು ಕಾಗೆಕಾಲು ಗುಬ್ಬಿಕಾಲು ಅಕ್ಷರ. ಮಂದಿ ನಗ್ತಾರ."

"ನಗಲಿ ಅಂತಾನೇ ಬೇಕು."

ಒಂದೇ ದಪ್ಪದ ಗೆರೆ, ಮೊಂಡಾದ ತುದಿ. ನಾನು ಬರೆದದ್ದನ್ನು ಸ್ಕ್ಯಾನ್ ಮಾಡಿ, ವಾಲಿದ್ದನ್ನು ಮೌಸಿನಿಂದ ನೆಟ್ಟಗೆ ಮಾಡುವರು. ದಿಟ್ಟಿಸುವರು. ಮತ್ತೆ ವಾಲಿಸುವರು.

"ಸರಿ ಮಾಡಿದ್ರ ಇದರಾಗ ನೀ ಇರಂಗಿಲ್ಲ."

ನಾನು ಗಂಡನ ಹೆಸರು ಹೇಳುತ್ತಿರಲಿಲ್ಲ. ಎಂ.ಎ. ಮಾಡಿದ್ದರೂ ಮನೆಯ ರೂಢಿ ಮೀರಿರಲಿಲ್ಲ.

"ಹೇಳಬ್ಯಾಡ. ಬರದರ ಬರಿ."

ಬರೆದೆ. ಅವರು ಹಾಳೆ ನೋಡಲಿಲ್ಲ. ನನ್ನ ಕಿವಿ ಕೆಂಪಾಗುವುದನ್ನೇ ನೋಡುತ್ತ ಕೂತರು.

"ಕಂಪ್ಯೂಟರಿಗೆ ಕಲಿಸ್ತೀನಿ. ಇನ್ನ ಊರ ತುಂಬ ನೀನೇ ನನ್ನ ಹೆಸರು ಕೂಗಾಕಿ!"

ಫ್ಲೆಕ್ಸ್ ಕಂಡ ಆ ಬೆಳಿಗ್ಗೆಯೇ, ಮನೆಯಲ್ಲೇ ಉಳಿದಿದ್ದ ಸ್ಕ್ಯಾನರನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋದೆ. ರಘುವೀರ ಎದ್ದು ನಿಂತ.

"ತಪ್ಪಾತೇನ್ರಿ, ವೈನಿ?"

"ಅತ್ತಿಯವರು ತಗಸು ಅಂದಾರ."

ಅವನು ಪರದೆಯ ಮೇಲೆ ಬೇರೆ ಅಕ್ಷರ ತೋರಿಸಿದ. ದಪ್ಪ, ಕಪ್ಪು, ನೆಟ್ಟಗೆ.

"ಮೊದಲ ಇದನ್ನೇ ಹಾಕಿದ್ದೆ. ನಮ್ಮ ದೋಸ್ತ ಯಾವನೋ ಮಂತ್ರಿ ಆಗಿ ಸತ್ತಂಗ ಕಂಡ. ನೀವು ಹೂಂ ಅನ್ರಿ, ಈಗ ಪ್ರಿಂಟಿಗೆ ಹಾಕ್ತೀನಿ."

ಅವನ ಬೆರಳು ಮೌಸಿನ ಮೇಲಿತ್ತು. ಮನೆಯಲ್ಲಿ ಅತ್ತೆ ಗ್ಯಾಲರಿಯಲ್ಲೇ ನಿಂತಿರುತ್ತಾರೆ. ಪರದೆಯ ಮೇಲಿನ ಹೆಸರನ್ನು ನೋಡಿದೆ. ಆ ದಪ್ಪ ಅಕ್ಷರದ ಗಂಡಸಿನ ಪರಿಚಯ ನನಗಿಲ್ಲ.

"ಬ್ಯಾಡ್ರಿ. ಕಟ್ಟಿದ್ದು ಇರ್ಲಿ."

"ನಿಮ್ಮ ಅತ್ತಿ ಸುಮ್ಮನಿರತಾರ?"

"ಅದು ನನ್ನ ಕೈ ಅಂತ ನಾನೇ ಹೇಳ್ತೀನಿ."

ಸ್ಕ್ಯಾನರ್ ತೆಗೆದು ಮೇಜಿನ ಮೇಲಿಟ್ಟೆ. ಗಾಜಿಗೆ ಸ್ಕೆಚ್ ಪೆನ್ನಿನ ನೀಲಿ ಅಂಟಿತ್ತು. ಒರೆಸಲು ಸೆರಗು ಎತ್ತಿದೆ. ಬಿಟ್ಟೆ.

"ಇದು ನಮ್ಮದೇನ್ರಿ? ಯಾರು ಒಯ್ದಿದ್ರೋ, ಮರತೇ ಬಿಟ್ಟಿದ್ದೆ."

ಒಯ್ದವರ ಹೆಸರನ್ನು ಬರೆದಿದ್ದೆನಷ್ಟೆ, ಬಾಯಿಬಿಟ್ಟು ಹೇಳಿರಲಿಲ್ಲ. ರಘುವೀರ ಕಾಯುತ್ತಿದ್ದ.

"ದಿಗಂಬರ," ಎಂದೆ. "ದಿಗಂಬರ ಒಯ್ದಿದ್ರು. ತಗೋರಿ."