ಹದಿನಾರನೇ ಗ್ರೀನ್ ಕೊಂದವರು ಯಾರು?

ಹದಿನಾರನೇ ಗ್ರೀನ್ ಸತ್ತಿತ್ತು!

ಗಾಡಿಯಿಂದ ಇಳಿದ ಮೋರ್ವೆನ್ ಅಲ್ಲೇ ಕಲ್ಲಾಗಿ ನಿಂತಳು. ಶುಕ್ರವಾರ ಒಂದಿಷ್ಟು ಮಂಕಾಗಿ ಕಂಡಿತ್ತು, ನಿಜ. ಮೇಲೆ ಹರಡಿದ ಮರಳಿನ ಧೂಳು ಇರಬೇಕು ಅಂದುಕೊಂಡಿದ್ದಳು. ಈಗ, ಹತ್ತನೇ ತಾರೀಖು ಸೋಮವಾರ ಬೆಳಿಗ್ಗೆ ನೋಡಿದರೆ ಅಂಚಿನಿಂದ ಅಂಚಿಗೆ ಒಣಹುಲ್ಲಿನ ಬಣ್ಣ. ಚೆಂಡು ಕೊನೆಗೆ ಕುಳಿಗೆ ಉರುಳುವ ನುಣುಪಾದ ಹಾಸು ಅದು. ಪಿಟ್‌ಲಾರಿ ಗಾಲ್ಫ್ ಕ್ಲಬ್ಬಿನ ಹದಿನೆಂಟು ಗ್ರೀನುಗಳಲ್ಲಿ ಅವಳಿಗೆ ಅತಿ ಮುದ್ದಿನದು. ಹಿರಿಯ ಡೂಗಲ್ ಊರಲ್ಲಿಲ್ಲದಾಗ, ಇದೊಂದು ಸೊರಗಿದೆಯಲ್ಲ ಎಂದು ತಾನೇ ಸಮುದ್ರಪಾಚಿಯ ಗೊಬ್ಬರ ಕಲಸಿ ಹೊಡೆದಿದ್ದಳು. ಅಷ್ಟು ಅಕ್ಕರೆ.

ಇದು ರೋಗವಲ್ಲ. ರೋಗಕ್ಕೆ ಇಷ್ಟು ನೆಟ್ಟಗಿನ ಅಂಚು ಇರುವುದಿಲ್ಲ. ಯಾರೋ ಸ್ಪ್ರೇಯರ್ ಎಳೆದುಕೊಂಡು ಬಂದು ಕಳೆನಾಶಕ ಹೊಡೆದಿದ್ದರು. ಯಾರು? ಯಾಕೆ?

ಡೂಗಲ್ ಗ್ರೀಯರ್ ಬಂದ. ಮೂವತ್ತೊಂದು ವರ್ಷದಿಂದ ಇಲ್ಲಿನ ಮುಖ್ಯ ಗ್ರೀನ್‌ಕೀಪರ್. ಮೋರ್ವೆನ್‌ಗೆ ಹುಲ್ಲು ಕತ್ತರಿಸುವುದರಿಂದ ಹಿಡಿದು ಎಲ್ಲ ಕಲಿಸಿದವನು. ಸತ್ತ ಹಾಸನ್ನು ಒಂದು ಸುತ್ತು ಹಾಕಿದ. ನಡುವೆ ಒಂದು ಕಡೆ ತುಂಬ ಹೊತ್ತು ನೆಲ ನೋಡಿದ. ಆಮೇಲೆ ಮೋರ್ವೆನ್‌ಳ ಮುಖ ನೋಡಿದ.

"ಟೀ ಕುಡಿದ್ಯೇನೇ ಹುಡುಗೀ?" ಅಂದ. ಅಷ್ಟೇ.

ಇದೇನು, ಮನೆಗೆ ಬೆಂಕಿ ಬಿದ್ದಾಗ ಟೀ ಕೇಳುತ್ತಾನಲ್ಲ ಈ ಮುದುಕ! ಅವಳು ಬಾಯಿ ತೆರೆಯುವಷ್ಟರಲ್ಲಿ ಟಾರ್ಕ್ವಿಲ್ ಆಬರ್‌ಕ್ರಾಂಬಿ ಬಂದ. ಗ್ರೀನ್ಸ್ ಸಮಿತಿಯ ಮುಖ್ಯಸ್ಥ. ಹುಲ್ಲಿನ ಬಗ್ಗೆ ಗೊತ್ತಿರುವುದು ಕಮ್ಮಿ, ಗಂಟಲು ಮಾತ್ರ ಜೋರು.

"ಹೋದ ತಿಂಗಳು ಮೂವತ್ತನೇ ತಾರೀಖು, ಗುರುವಾರ — ಇಲ್ಲಿ ಸ್ಪ್ರೇ ಮಾಡಿದ್ದು ಯಾರು?"

"ನಾನೇ. ಹುಲ್ಲು ಹಸಿರಾಗಲಿ ಅಂತ ಕಬ್ಬಿಣದ ನೀರು," ಎಂದ ಡೂಗಲ್.

"ವಿಷದ ಬೀರುವಿನ ಕೀ ಯಾರ ಹತ್ರ?"

"ನನ್ನ ಹತ್ರ."

"ಆಯ್ತಲ್ಲ ಮತ್ತೆ! ಹನ್ನೆರಡು ಗಂಟೆಗೆ ಸಮಿತಿ ಕೂರುತ್ತೆ. ಬಾ."

ಕೆಲಸ ಹೋದರೆ ಯಂತ್ರದ ಶೆಡ್ಡಿನ ಹಿಂದಿರುವ ಕಲ್ಲಿನ ಮನೆಯೂ ಹೋಗುತ್ತದೆ. ಅದು ಕ್ಲಬ್ಬಿನದು. ಡೂಗಲ್‌ನ ಹೆಂಡತಿ ಜೆಸ್ಸಿಗೆ ಮಂಡಿ ನೋವು, ಆ ಮನೆಯ ಮೂರು ಮೆಟ್ಟಿಲು ಬಿಟ್ಟು ಬೇರೆ ಮೆಟ್ಟಿಲು ಹತ್ತಿ ವರ್ಷಗಳಾಗಿವೆ. ನಿವೃತ್ತಿಗೆ ಇನ್ನೆರಡೇ ವರ್ಷ. ಮೋರ್ವೆನ್ ತಡಮಾಡಲಿಲ್ಲ. ಓಡಿದಳು — ಎಫೀ ಲಾರಿಮರ್ ಮನೆಗೆ.

ಎಫೀ ಇಪ್ಪತ್ತೆಂಟು ವರ್ಷ ಪೊಲೀಸ್ ಸಾರ್ಜೆಂಟ್ ಆಗಿದ್ದವಳು. ಈಗ ಎಪ್ಪತ್ತು ವಯಸ್ಸು. ಊರವರು ಅವಳನ್ನು ಇನ್ನೂ ಸಾರ್ಜೆಂಟಮ್ಮ ಎಂದೇ ಕರೆಯುತ್ತಿದ್ದರು. ದಿನಾ ಗಾಲ್ಫ್ ಆಡುತ್ತಿದ್ದಳು, ದಿನಾ ಸೋಲುತ್ತಿದ್ದಳು. ಕೇಳಿದ ಕೂಡಲೇ ಕೋಟು ಹಾಕಿಕೊಂಡು ಬಂದು ಸತ್ತ ಗ್ರೀನಿನ ಮೇಲೆ ನಿಂತಳು.

"ವಿಷ ಹೊಡೆದ ಮಾರನೇ ದಿನವೇ ಹುಲ್ಲು ಸಾಯುತ್ತಾ?"

"ಇಲ್ಲ ಸಾರ್ಜೆಂಟಮ್ಮ. ಈ ಚಳಿಗೆ ಹತ್ತು ದಿನ ಬೇಕು, ಹದಿನೈದು ದಿನವೂ ಆಗಬಹುದು."

"ಅಂದ್ರೆ ಡೂಗಲ್ ಹೊಡೆದ ಆ ಗುರುವಾರವೇ ಆಗಿರಬಹುದು."

"ಅವರು ಹಾಗೆ ಮಾಡಲ್ಲ!"

"ಮಾಡಲ್ಲ ಅನ್ನೋದು ಸಾಕ್ಷಿ ಅಲ್ಲ ಮಗಳೇ." ಎಫೀ ಬಗ್ಗಿದಳು. "ಇದೇನಿದು? ಸಾಸರ್‌ನಷ್ಟು ಅಗಲ ಹಸಿರು ಉಳಿದಿದೆ?"

"ಅದಾ? ಹಳೇ ಕುಳಿ ಮುಚ್ಚಿರೋದು." ಮೋರ್ವೆನ್ ಅತ್ತ ನೋಡಲೂ ಇಲ್ಲ. ದಿನಾ ಮಾಡುವ ಕೆಲಸ, ಅದರಲ್ಲೇನು ನೋಡುವುದು? "ಹುಲ್ಲುಹಾಸಿನಲ್ಲಿ ತೂತು ಕೊರೆದು ಮರಳು ತುಂಬೋ ಕೆಲಸ ಇತ್ತಲ್ಲ, ಅದಕ್ಕೆ ಮೊದಲು ಈ ಗ್ರೀನಲ್ಲಿ ಆಟ ನಿಲ್ಲಿಸಿದ್ವಿ. ಆಟಕ್ಕೆ ಅಂತ ಆಚೆ ಬಯಲಲ್ಲಿ ಹೊಸ ಕುಳಿ ತೋಡಿದೆ. ಅಲ್ಲಿ ಬಂದ ಹುಲ್ಲಿನ ಬಿಲ್ಲೆ ತಂದು ಇಲ್ಲಿ ಮುಚ್ಚಿದೆ."

"ಯಾವತ್ತು?"

"ಸೋಮವಾರ ಬೆಳಿಗ್ಗೆ. ಇಪ್ಪತ್ತೇಳು."

"ಬಯಲಿನ ಹುಲ್ಲಿಗೆ ಈ ವಿಷ ತಾಗಲ್ವಾ?"

"ಎಲೆ ಮೇಲೆ ಬಿದ್ದರೆ ಯಾವ ಹುಲ್ಲನ್ನೂ ಬಿಡಲ್ಲ ಅದು. ಮಣ್ಣಿಗೆ ಬಿದ್ದದ್ದು ಮಾತ್ರ ಏನೂ ಮಾಡಲ್ಲ."

ಎಫೀ ಸುಮ್ಮನೆ ತಲೆಯಾಡಿಸಿದಳು. "ಸ್ಪ್ರೇಯರ್ ತೋರಿಸು."

ಶೆಡ್ಡಿನಲ್ಲಿ ಅವಳು ತೊಟ್ಟಿಯ ಮುಚ್ಚಳ ತಿರುಗಿಸಿ ಇಣುಕಿದಳು. "ತಳದಲ್ಲಿ ನೀರಿದೆ?"

"ಯಾವಾಗಲೂ ಇರುತ್ತೆ. ತೊಳೆದ ಮೇಲೆ ಸ್ವಲ್ಪ ಚೊಕ್ಕ ನೀರು ಬಿಡಬೇಕು, ಪಂಪಿನ ವಾಷರ್ ಒಣಗಬಾರದು. ಡೂಗಲ್ ಮಾಡಿದ ಕಟ್ಟಳೆ. ಬೇರೆ ಕ್ಲಬ್ಬಿನೋರು ನಗ್ತಾರೆ."

"ಶೆಡ್ಡಿನ ಕೀ ಯಾರ್ಯಾರ ಹತ್ರ ಇದೆ?"

"ಡೂಗಲ್, ನಾನು, ಆಬರ್‌ಕ್ರಾಂಬಿ ಸಾಹೇಬ್ರು."

"ನೀನು ಈ ಯಂತ್ರ ಮುಟ್ಟಿದ್ಯಾ?"

"ಇಪ್ಪತ್ತೈದು, ಶನಿವಾರ. ಬರೀ ಗೊಬ್ಬರ. ಈ ಗ್ರೀನ್ ಒಂದಕ್ಕೇ."

ಎಫೀ ಅವಳನ್ನೇ ಒಂದು ಕ್ಷಣ ನೋಡಿದಳು. "ನಾನು ಬ್ರೆಡ್ಡಿನಂಗಡಿಗೆ ಹೋಗಿ ಬರ್ತೀನಿ," ಎಂದು ಹೊರಟೇಬಿಟ್ಟಳು. ಇಂಥ ಹೊತ್ತಲ್ಲಿ ಬ್ರೆಡ್ಡಾ?

ಹನ್ನೆರಡು ಗಂಟೆ. ಕ್ಲಬ್ಬಿನ ಮೇಲಿನ ಕೋಣೆ. ಕ್ಯಾಪ್ಟನ್ ಕನ್ನಡಕ ಸರಿಮಾಡಿಕೊಂಡು ಡೂಗಲ್‌ನನ್ನು ಕೇಳಿದ, "ಏನಾದರೂ ಹೇಳೋದಿದೆಯಾ?"

"ಕೈತಪ್ಪಿ ನಾನೇ ಹೊಡೆದೆ," ಎಂದ ಡೂಗಲ್. "ಬರ್ಕೊಳ್ಳಿ."

ಮೋರ್ವೆನ್‌ಗೆ ಸಿಡಿಲು ಹೊಡೆದಂತಾಯಿತು. ಡೂಗಲ್? ಸ್ಪ್ರೇಯರಿನ ತೊಟ್ಟಿಯನ್ನು ಮೂರು ಸಲ ತೊಳೆಯದೆ ಊಟಕ್ಕೂ ಹೋಗದ ಡೂಗಲ್?

"ಸುಳ್ಳು," ಎಂದಳು ಬಾಗಿಲಲ್ಲಿ ನಿಂತಿದ್ದ ಎಫೀ. "ಕ್ಯಾಪ್ಟನ್, ಆ ಗ್ರೀನಿನ ನಡುವೆ ಒಂದು ಬಿಲ್ಲೆಯಷ್ಟು ಹುಲ್ಲು ಬದುಕಿದೆ. ಇಪ್ಪತ್ತೇಳರ ಸೋಮವಾರ ಹೊರಗಿಂದ ತಂದು ಹಾಕಿದ್ದು. ಡೂಗಲ್ ಹೊಡೆದದ್ದು ಮೂವತ್ತಕ್ಕೆ. ಆವತ್ತು ವಿಷ ಬಿದ್ದಿದ್ರೆ ಆ ಬಿಲ್ಲೆಯೂ ಸಾಯಬೇಕಿತ್ತು. ಸತ್ತಿಲ್ಲ. ಅಂದ್ರೆ ವಿಷ ಬಿದ್ದಿದ್ದು ಸೋಮವಾರಕ್ಕೆ ಮೊದಲು. ಆಗ ಡೂಗಲ್ ಎಲ್ಲಿದ್ದ?"

"ಲೂಯಿಸ್ ದ್ವೀಪದಲ್ಲಿ," ಎಂದ ಕ್ಯಾಪ್ಟನ್. "ಅಣ್ಣನ ಮಣ್ಣಿಗೆ ಹೋಗಿದ್ದ. ಸೋಮವಾರ ಮಧ್ಯಾಹ್ನ ಬಂದದ್ದು."

"ಹಾಗಾದ್ರೆ ಆ ಶನಿವಾರ, ಭಾನುವಾರ ಸ್ಪ್ರೇಯರ್ ಮುಟ್ಟಿದ್ದು ಯಾರು?"

ಮೋರ್ವೆನ್ ಮೇಜಿನ ಮುಂದೆ ಬಂದು ನಿಂತಳು.

"ನಾನು," ಎಂದಳು. "ತೊಟ್ಟಿಯಲ್ಲಿ ನೀರಿತ್ತು… ಯಾವತ್ತಿಗಿಂತ ಜಾಸ್ತೀನೇ ಇತ್ತು. ಡೂಗಲ್ ಅವಸರದಲ್ಲಿ ಹೋಗಿದ್ರಲ್ಲ, ಚೊಕ್ಕ ನೀರೇ ಜಾಸ್ತಿ ಬಿಟ್ಟಿದ್ದಾರೆ ಅಂದ್ಕೊಂಡೆ. ಅದರ ಮೇಲೇ ಗೊಬ್ಬರ ಕಲಸಿದೆ. ಅಯ್ಯೋ ದೇವ್ರೇ… ನನ್ನ ಕೈಯಾರೆ?"

"ನೋಡಿ! ಇವಳೇ!" ಆಬರ್‌ಕ್ರಾಂಬಿ ಮೇಜು ಕುಟ್ಟಿದ.

"ಕೈ ಇವಳದು," ಎಂದಳು ಎಫೀ. "ವಿಷ ಯಾರದು? ಅದರ ಹಿಂದಿನ ದಿನ, ಶುಕ್ರವಾರ ಸಂಜೆ, ಆ ತೊಟ್ಟಿಗೆ ವಿಷ ಹಾಕಿದ್ದು ಯಾರು? ಸಾಹೇಬ್ರೇ, ನಿಮ್ಮ ಮನೆ ಮುಂದಿನ ಜಲ್ಲಿ ದಾರೀಲಿ ಕಳೆ ಎಲ್ಲ ಸತ್ತಿದೆ. ಜೊತೆಗೆ ನಿಮ್ಮ ಹೆಂಡತಿ ಗುಲಾಬಿ ಗಿಡಗಳೂ."

"ನನ್ನ ದಾರಿಗೂ ಇದಕ್ಕೂ ಏನ್ರೀ ಸಂಬಂಧ? ತೊಟ್ಟಿಯಲ್ಲಿ ಉಳಿದಿದ್ದೇ ಕಾಲು ಭಾಗ, ಅಷ್ಟಕ್ಕೆಲ್ಲ ಒಂದಿಡೀ ಗ್ರೀನ್—"

ನಾಲಿಗೆ ಅಲ್ಲೇ ನಿಂತಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಸಾಹೇಬರ ಕಥೆ.

"ಕ್ಲಬ್ಬಿನ ಯಂತ್ರ ತಂದು ನನ್ನ ಗುಲಾಬಿ ಕೊಂದ್ರು ಅಂತ ನಿಮ್ಮ ಹೆಂಡತಿ ಬ್ರೆಡ್ಡಿನಂಗಡಿಯಲ್ಲಿ ಹದಿನೈದು ದಿನದಿಂದ ಬೈತಿದಾರೆ," ಎಂದಳು ಎಫೀ. "ಬೀರುವಿನ ಕೀ ನಿಮಗೆ ಬೇಕೇ ಇರಲಿಲ್ಲ, ವಿಷದ ಡಬ್ಬಿ ನಿಮ್ಮದೇ. ತೊಳೆಯದೆ ತಂದಿಟ್ಟದ್ದು ಸೋಮಾರಿತನ, ಅದನ್ನ ಕ್ಷಮಿಸಬಹುದು. ಆದ್ರೆ ಇವತ್ತು ಬೆಳಿಗ್ಗೆ ಗ್ರೀನ್ ನೋಡಿದ ತಕ್ಷಣ ನಿಮಗೆ ಗೊತ್ತಾಯ್ತು, ಇದು ನಿಮ್ಮ ವಿಷ ಅಂತ. ಗೊತ್ತಿದ್ದೂ ಇವನನ್ನ ಮನೆ ಬಿಡಿಸೋಕೆ ಹೊರಟ್ರಿ."

ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ್ದ ದೊಡ್ಡ ಮನುಷ್ಯ ತಲೆಯೆತ್ತಲಿಲ್ಲ. ಕ್ಯಾಪ್ಟನ್ ಒಂದೇ ಮಾತು ಹೇಳಿದ: "ಶೆಡ್ಡಿನ ಕೀ ಇಲ್ಲಿಡಿ, ಟಾರ್ಕ್ವಿಲ್. ರಾಜೀನಾಮೆ ಈಗಲೇ ಬರೀರಿ."

ಹೊರಗೆ ಮೆಟ್ಟಿಲ ಮೇಲೆ ಮೋರ್ವೆನ್ ಡೂಗಲ್‌ನ ದಾರಿಗಡ್ಡ ನಿಂತಳು. ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದಿತ್ತು.

"ಆ ಬಿಲ್ಲೆ ನೋಡಿದಾಗಲೇ ನಿಮಗೆ ಗೊತ್ತಾಗಿತ್ತು, ಅಲ್ವಾ?"

"ನಾನು ಊರಲ್ಲಿರಲಿಲ್ಲ. ಇದ್ದದ್ದು ನೀನೊಬ್ಬಳೇ." ಡೂಗಲ್ ಟೋಪಿ ತಿರುಗಿಸುತ್ತ ನಿಂತ. "ಅವಸರದಲ್ಲಿ ಬೀರುವಿಗೆ ಬೀಗ ಹಾಕದೆ ಹೋಗಿದ್ದೆನೇನೋ, ನಿನ್ನ ಕೈಲಿ ಡಬ್ಬಿ ಅದಲು ಬದಲಾಗಿರಬೇಕು ಅಂದ್ಕೊಂಡೆ. ಗ್ರೀನ್ ಕೊಂದವಳು ಅಂತ ಒಂದು ಸಲ ಹೆಸರು ಬಂದ್ರೆ ಈ ಕರಾವಳಿಯ ಯಾವ ಕ್ಲಬ್ಬೂ ನಿನ್ನ ಸೇರಿಸಲ್ಲ ಹುಡುಗೀ. ನನಗೆ ಉಳಿದಿರೋದು ಎರಡು ವರ್ಷ. ನಿನಗೆ ಮೂವತ್ತು."

"ಮತ್ತೆ ಮನೆ? ಜೆಸ್ಸಿಯಮ್ಮ?"

"ಅವಳನ್ನ ಕೇಳದೆ ಹೇಳ್ತೀನಾ? ಹತ್ತು ಗಂಟೆಗೇ ಹೋಗಿ ಕೇಳಿದೆ. ಆಗಲೇ ಪಾತ್ರೆ ಕಟ್ಟೋಕೆ ಕೂತಿದಾಳೆ."

ಮೋರ್ವೆನ್ ಓಡಿದಳು. ಶೆಡ್ಡು ದಾಟಿ, ಮೂರು ಮೆಟ್ಟಿಲು ಒಂದೇ ನೆಗೆತಕ್ಕೆ ಹಾರಿ ಬಾಗಿಲು ತಳ್ಳಿದಳು. ಮುದುಕಿ ಕುರ್ಚಿಯಲ್ಲಿ ಕೂತು, ಮಡಿಲ ತುಂಬ ಹಳೇ ಪೇಪರು ಇಟ್ಟುಕೊಂಡು, ಒಂದೊಂದೇ ಬಟ್ಟಲು ಸುತ್ತುತ್ತಿದ್ದಳು.

"ಪೇಪರು ಬಿಚ್ಚಿ ಜೆಸ್ಸಿಯಮ್ಮಾ," ಎಂದಳು ಮೋರ್ವೆನ್, ಅವಳ ಮುಂದೆ ನೆಲಕ್ಕೆ ಕುಸಿದು ಕೂತು. "ಎಲ್ಲ ಬಿಚ್ಚಿ. ನಾನೂ ಬಿಚ್ತೀನಿ, ಕೊಡಿ ಇಲ್ಲಿ."